ಹದಿನೇಳನೆಯ ಸಾಲು

ನನ್ನ ಹೆಂಡತಿ ಸರ್ವಮಂಗಳ ತನ್ನ ನಲವತ್ತಮೂರನೆಯ ವಯಸ್ಸಿನಲ್ಲಿ, ಜೂನ್ ಹದಿನಾರನೇ ತಾರೀಖು ಸೋಮವಾರ, ಊರಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಮೊದಲ ವರ್ಷದ ತರಗತಿಗೆ ಸೇರಿದಳು. ಅದೇ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಮೊದಲ ವರ್ಷಕ್ಕೆ ಪಾಠ ಹೇಳುವವನು ನಾನು. ನಲವತ್ತು ದಾಟಿದ ಊರಿನವರು ಯಾರೇ ಆಗಲಿ, ಯಾವುದಾದರೂ ಒಂದು ಮೊದಲ ವರ್ಷದ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಬಹುದು. ಅವರನ್ನು ಕೇಳುಗರು ಎನ್ನುತ್ತೇವೆ. ಒಂದೇ ತರಗತಿ, ಎರಡಕ್ಕೆ ಅವಕಾಶವಿಲ್ಲ. ಅರ್ಜಿ ತುಂಬಿ ನನ್ನ ಮುಂದೆ ಇಟ್ಟಳು, ಒಪ್ಪಿಗೆ ಬೇಕೆಂದಲ್ಲ, ಕಾಗುಣಿತ ನೋಡಲಿ ಎಂದು. ಮೇಷ್ಟ್ರಾಗುವ ಮೊದಲು ಹನ್ನೊಂದು ವರ್ಷ ಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ನಮ್ಮ ಮನೆಯಿಂದ ಹೊರಡುವ ಯಾವ ಕಾಗದವೂ ನನ್ನ ಕಣ್ಣು ತಪ್ಪಿಸಿ ಹೋಗುವುದಿಲ್ಲ.

"ಭೌತಶಾಸ್ತ್ರವೇ ಯಾಕೆ?" ಎಂದೆ.

"ರಾಜ್ಯಶಾಸ್ತ್ರ ಮನೇಲೇ ಕೇಳ್ತೀನಲ್ಲ," ಎಂದಳು. "ಊಟಕ್ಕೆ ಕೂತರೆ ಅಧಿವೇಶನ, ಕೈ ತೊಳೆದರೆ ಮುಂದೂಡಿಕೆ."

ಅರ್ಜಿಯಲ್ಲಿ ಒಂದೂ ತಪ್ಪಿರಲಿಲ್ಲ. ವಾಪಸು ಕೊಟ್ಟೆ.

ಆಗ ಊರಿನ ಗಡುವು ನಾಲ್ಕು ಸೆಕೆಂಡು. ಕೈಯಿಂದ ಬಿಟ್ಟ ವಸ್ತು ಬಿಟ್ಟ ಜಾಗದಲ್ಲೇ ನಾಲ್ಕು ಸೆಕೆಂಡು ನಿಂತು ಆಮೇಲೆ ಬೀಳುತ್ತಿತ್ತು. ಮರದಿಂದ ಉದುರುವ ಹುಣಸೆಕಾಯಿಗೆ, ಮಾಡಿನಿಂದ ಜಾರುವ ಹಂಚಿಗೆ, ಮಳೆಗೆ ಗಡುವಿಲ್ಲ. ಬಿಟ್ಟದ್ದಾಗಲಿ ಜಾರಿದ್ದಾಗಲಿ, ಮನುಷ್ಯರ ಕೈಯಿಂದ ಹೋದದ್ದಕ್ಕೆ ಮಾತ್ರ. ಬೀಗ ತೆಗೆಯುವಾಗ ಕೈಚೀಲವನ್ನು ಎದೆಮಟ್ಟದಲ್ಲಿ ಗಾಳಿಗೆ ಬಿಟ್ಟು, ಕೀಲಿ ತಿರುವಿ, ಚೀಲ ಬೀಳುವ ಮುನ್ನ ಹಿಡಿಯುವುದು ಇಲ್ಲಿನ ಐದು ವರ್ಷದ ಮಕ್ಕಳಿಗೂ ಬರುತ್ತದೆ. ಮುನಿವೆಂಕಟಪ್ಪನ ಹೋಟೆಲಿನಲ್ಲಿ ಸುರಿದ ಚಹಾ ಜಗ್ಗಿನ ಬಾಯಲ್ಲಿ ಕಂದು ನಾಲಗೆಯಂತೆ ನಿಲ್ಲುತ್ತದೆ, ಗಿರಾಕಿಗಳು ಅದನ್ನು ನೋಡುತ್ತ ಮಾತು ಮುಗಿಸುತ್ತಾರೆ. ನಮ್ಮ ಕ್ರಿಕೆಟ್ ತಂಡದ ಬೌಲರ್ ಓಡಿಬಂದು ಬಿಟ್ಟ ಚೆಂಡು ಅಲ್ಲೇ ನಿಂತು, ನಾಲ್ಕು ಸೆಕೆಂಡಿನ ಮೇಲೆ ಅದೇ ವೇಗದಲ್ಲಿ ಹೊರಡುತ್ತದೆ. ಅಷ್ಟರಲ್ಲಿ ಬ್ಯಾಟ್ಸ್‌ಮನ್ ಟೋಪಿ ಸರಿಮಾಡಿಕೊಂಡಿರುತ್ತಾನೆ. ಹಿಡಿದ ಕೈಯನ್ನು ಬಿಟ್ಟರೂ ಅಷ್ಟೆ. ಕೈ ಕುಲುಕಿದ ಇಬ್ಬರು ಬಿಟ್ಟ ಮೇಲೂ ಚಾಚಿದ ಕೈಯಲ್ಲೇ ನಿಂತಿರುತ್ತಾರೆ. ಪರಊರಿನವರು ಇದನ್ನು ನಮ್ಮ ಅತಿಯಾದ ಮರ್ಯಾದೆ ಎಂದುಕೊಂಡು ತಾವೂ ಹಾಗೇ ನಿಲ್ಲುತ್ತಾರೆ.

ಗಡುವು ಎಷ್ಟಿರಬೇಕೆಂದು ಊರೇ ನಿರ್ಧರಿಸುತ್ತದೆ. ಪ್ರತಿವರ್ಷ ಆಗಸ್ಟಿನ ಮೊದಲ ಭಾನುವಾರ ಸಂತೆಮಾಳದಲ್ಲಿ ಜನ ಸೇರಿ ಕೈಯೆತ್ತುತ್ತಾರೆ. ಕೈಗಳನ್ನು ಎಣಿಸುವವರು ರಾಜ್ಯಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಗಳು. ಕೂಡಿ ಘೋಷಿಸುವವನು ಅವರ ಮೇಷ್ಟ್ರು. ಮರುದಿನ ಬೆಳಿಗ್ಗೆ ಕಾಲೇಜಿನ ಮೆಟ್ಟಿಲ ಮೇಲೆ ಹಿತ್ತಾಳೆ ಗುಂಡು ಬಿಟ್ಟು ಅಳೆಯುವವರು ಭೌತಶಾಸ್ತ್ರದ ಮೊದಲ ವರ್ಷದವರಲ್ಲಿ ಒಬ್ಬರು. ಎಣಿಸಿದ್ದೂ ಅಳೆದದ್ದೂ ಒಂದೇ ಎಂದು ಇಬ್ಬರು ಮೇಷ್ಟ್ರೂ ದಾಖಲೆ ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಅರವತ್ತೊಂದು ವರ್ಷದ ಪುಸ್ತಕ ನಾನು ಓದಿದ್ದೇನೆ. ಒಂದು ವರ್ಷವೂ ಎರಡು ಸಂಖ್ಯೆ ಬೇರೆಯಾಗಿಲ್ಲ.

ಭೌತಶಾಸ್ತ್ರದ ಮೇಷ್ಟ್ರು ನೇಮಿರಾಜ. ಮೂವತ್ತಾರು ವರ್ಷ, ಮದುವೆಯಾಗಿಲ್ಲ, ತಾಯಿಯ ಜೊತೆ ಇದ್ದಾನೆ. ನೋಡಲು ಸುಮಾರು. ಇದನ್ನು ನಿಷ್ಪಕ್ಷವಾಗಿ ಹೇಳುತ್ತಿದ್ದೇನೆ: ಎಡಗಿವಿ ಬಲಗಿವಿಗಿಂತ ಹೊರಚಾಚಿದೆ. ಷರಟಿನ ಜೇಬಿನಲ್ಲಿ ಸದಾ ಒಂದು ನಿಂಬೆಹಣ್ಣು ಇರುತ್ತದೆ, ಪಾಠದ ನಡುವೆ ತೆಗೆದು ಬಿಡಲಿಕ್ಕೆ. ಅವನ ತರಗತಿ ನಾಲ್ಕನೇ ಕೋಣೆ, ನನ್ನದು ಐದು. ನಡುವೆ ಹಲಗೆಯ ಗೋಡೆ, ಅದರ ಮೇಲೆ ಒಂದೂವರೆ ಅಡಿ ತೆರಪು. ಒಂಬತ್ತು ವರ್ಷದಿಂದ ಆ ತೆರಪಿನಿಂದ ವೇಗ, ದೂರ, ಕಾಲ ಎಂಬ ಮಾತುಗಳು ಬರುತ್ತಿದ್ದವು, ನನ್ನ ಕಡೆಯಿಂದ ಜನ, ಪ್ರದೇಶ, ಸರ್ಕಾರ, ಪರಮಾಧಿಕಾರ ಎಂಬವು ಹೋಗುತ್ತಿದ್ದವು. ಯಾರಿಗೂ ತೊಂದರೆಯಿರಲಿಲ್ಲ. ಜೂನ್ ಹದಿನಾರರಿಂದ ಅದೇ ತೆರಪಿನಿಂದ ನನ್ನ ಹೆಂಡತಿಯ ದನಿ ಬರತೊಡಗಿತು.

ಅವಳು ಪ್ರಶ್ನೆ ಕೇಳುತ್ತಿದ್ದಳು. ಗಡುವಿನಲ್ಲಿ ನಿಂತ ನಿಂಬೆಹಣ್ಣಿಗೆ ತೂಕ ಇದೆಯೇ? ಊದಿದರೆ ಯಾಕೆ ಅಲುಗುವುದಿಲ್ಲ? ಬಿಟ್ಟದ್ದು ಬೆರಳೋ ಅಂಗೈಯೋ ಎಂದು ಅದಕ್ಕೆ ಹೇಗೆ ಗೊತ್ತು? ಪ್ರತಿ ಪ್ರಶ್ನೆಗೂ ನೇಮಿರಾಜ ಒಂದು ಕ್ಷಣ ತಡೆದು, "ಇದು ಚೆನ್ನಾಗಿದೆ, ಇದನ್ನು ಹಲಗೆಯ ಮೇಲೆ ಬರೆಯೋಣ," ಎನ್ನುತ್ತಿದ್ದ. ಸೀಮೆಸುಣ್ಣದ ಸದ್ದು ಕೇಳುತ್ತಿತ್ತು. ನಾನು ಇತ್ತ 'ರಾಜ್ಯದ ಮೂಲಾಂಶಗಳು' ಬರೆಸುತ್ತ, ನೋಟ್ಸಿನ ಅಂಚಿನಲ್ಲಿ ಒಂದೊಂದು ಗೆರೆ ಹಾಕುತ್ತಿದ್ದೆ. ಜುಲೈ ಹದಿನೆಂಟರ ಹೊತ್ತಿಗೆ ಗೆರೆಗಳು ಮೂವತ್ತೊಂದಾದವು. ನಮ್ಮ ಮದುವೆಯಾಗಿ ಇಪ್ಪತ್ತೊಂದು ವರ್ಷ. ಸಾರಿಗೆ ಯಾವ ತರಕಾರಿ ಹಾಕಲಿ ಎಂಬಂಥವನ್ನು ಬಿಟ್ಟರೆ, ನನ್ನ ವಿಷಯದ ಬಗ್ಗೆ, ನನ್ನ ಕೆಲಸದ ಬಗ್ಗೆ ಅವಳು ಕೇಳಿದ ಪ್ರಶ್ನೆ ಒಂದೂ ನೆನಪಾಗಲಿಲ್ಲ. ಇದ್ದರೆ ನನಗೆ ನೆನಪಿರುತ್ತಿತ್ತು.

ಮನೆಯಲ್ಲೂ ನಿಂಬೆಹಣ್ಣು ಬಂತು. ಒಲೆಯ ಮುಂದೆ ನಿಂತು ಸೌಟು ಬಿಡುವಳು, ಹಿಡಿಯುವಳು, ಮತ್ತೆ ಬಿಡುವಳು. "ನೇಮಿರಾಜ್ ಮೇಷ್ಟ್ರು ಹೇಳ್ತಾರೆ, ಒಂದು ಸಲ ಅಳೆದದ್ದು ಅಳತೆಯಲ್ಲ, ಮೂರು ಸಲ ಅಳೀಬೇಕು." "ನೇಮಿರಾಜ್ ಮೇಷ್ಟ್ರು ಹೇಳ್ತಾರೆ, ಅಳೆಯೋರ ಆಸೆ ಅಳತೆಯೊಳಗೆ ಬರಬಾರದು." ಅದನ್ನೂ ಎಣಿಸಿದ್ದೆ. ದಿನಕ್ಕೆ ಸರಾಸರಿ ಆರು.

ಜುಲೈ ಹತ್ತೊಂಬತ್ತು ಶನಿವಾರ, ಎರಡನೇ ಪೀರಿಯಡ್. ನನ್ನ ತರಗತಿಯಲ್ಲಿ ಬಹುಮತದ ಪಾಠ. ಎಣಿಕೆ ಮುಗಿದು ಘೋಷಣೆಯಾದದ್ದೇ ಫಲಿತಾಂಶ, ಘೋಷಣೆಗೆ ಮೊದಲು ಇರುವುದು ಬರೀ ಅಂದಾಜು ಎಂದು ಬರೆಸುತ್ತಿದ್ದೆ. ಅತ್ತ ಕಡೆ ನೇಮಿರಾಜ, ಗಡಿಯಾರವಿಲ್ಲದೆ ಗಡುವನ್ನು ಅಳೆದವರು ಯಾರಾದರೂ ಇದ್ದೀರಾ ಎಂದು ಕೇಳಿದ.

"ನಾನು ಅಳೆದಿದ್ದೇನೆ," ಎಂದಳು ಸರ್ವಮಂಗಳ. "ನನ್ನ ಮದುವೆ ದಿನ. ಆ ವರ್ಷ ಗಡುವು ಏಳು. ಅಕ್ಷತೆ ಹಾಕಿದಾಗ ಎಲ್ಲ ಕಾಳೂ ತಲೆ ಮೇಲೆ ನಿಂತುಕೊಂಡವು. ನಿಜವಾಗಲೂ ಏಳಿದೆಯಾ ನೋಡೋಣ ಅಂತ ಎಣಿಸಿದೆ."

"ಹೇಗೆ ಎಣಿಸಿದಿರಿ?"

"ಅವರ ಕೈ ನನ್ನ ಕೈಯಲ್ಲಿತ್ತಲ್ಲ. ನಾಡಿ ಹಿಡಿದು ಎಣಿಸಿದೆ. ಹನ್ನೊಂದು ಬಡಿತ ಬಂತು."

ತರಗತಿ ನಕ್ಕಿತು. "ಏಳಕ್ಕೆ ಹನ್ನೊಂದೇ?" ಎಂದ ನೇಮಿರಾಜ. "ಹಾಗಾದರೆ ಗಡುವು ಸರಿಯಾಗಿತ್ತು, ಮದುಮಗನ ಗಡಿಯಾರ ಮುಂದಿತ್ತು." ಮತ್ತೆ ನಗು. ಅದರಲ್ಲಿ ಅವಳದೂ ಇತ್ತು.

ನನ್ನ ವಿದ್ಯಾರ್ಥಿಗಳು ಪೆನ್ನು ಹಿಡಿದು ಮುಂದಿನ ವಾಕ್ಯಕ್ಕೆ ಕಾಯುತ್ತಿದ್ದರು. ನಮ್ಮ ಮದುವೆಯ ಫೋಟೋ ಮನೆಯ ಹಜಾರದಲ್ಲಿದೆ. ಅಕ್ಷತೆ ನಮ್ಮಿಬ್ಬರ ತಲೆಯ ಮೇಲೆ ಬಿಳಿ ಚಪ್ಪರದಂತೆ ನಿಂತಿದೆ. ಅವಳು ಮೇಲೆ ನೋಡುತ್ತಿದ್ದಾಳೆ, ತುಟಿ ಅರೆ ತೆರೆದಿದೆ. ಪ್ರಾರ್ಥಿಸುತ್ತಿದ್ದಾಳೆ ಎಂದು ನಾನು ಇಪ್ಪತ್ತೊಂದು ವರ್ಷ ತಿಳಿದಿದ್ದೆ. ಅವಳು ಕಾಳುಗಳನ್ನು ನೋಡುತ್ತಿದ್ದಳು, ನನ್ನನ್ನು ಗಡಿಯಾರ ಮಾಡಿಕೊಂಡು. ಅದನ್ನು ನನಗೆ ಹೇಳಿರಲಿಲ್ಲ. ನಲವತ್ತು ಹುಡುಗ ಹುಡುಗಿಯರ ಎದುರು, ನಿಂಬೆಹಣ್ಣಿನವನಿಗೆ ಹೇಳಿದಳು.

ಅದೇ ಸಂಜೆ ಮನೆಗೆ ಬಂದವಳೇ, ಆ ವರ್ಷ ಅಳತೆಯ ಗುಂಡು ಬಿಡಲು ನೇಮಿರಾಜ ತನ್ನನ್ನು ಆರಿಸಿದ್ದಾನೆ ಎಂದಳು. ಕೇಳುಗರಲ್ಲಿ ಯಾರನ್ನೂ ಇದುವರೆಗೆ ಆರಿಸಿದ್ದಿಲ್ಲ. ಎರಡು ವಾರ, ತರಗತಿ ಮುಗಿದ ಮೇಲೆ, ದಿನಕ್ಕೆ ಮುಕ್ಕಾಲು ಗಂಟೆ ಅಭ್ಯಾಸ. ಕೈ ನಡುಗಬಾರದು, ಐದು ಬೆರಳೂ ಒಟ್ಟಿಗೆ ಬಿಡಬೇಕು. "ನೋಡಿ," ಎಂದು ನನ್ನ ಮುಂದೆ ಬೆರಳು ಬಿಚ್ಚಿ ತೋರಿಸಿದಳು. ಒಳ್ಳೆಯದಾಯಿತು ಎಂದೆ.

ಮರುದಿನ ನಾನು ಬರೆಯಲು ಕೂತೆ. ಎಣಿಕೆಯ ಮೇಷ್ಟ್ರು ಯಾವ ಸಂಖ್ಯೆಯನ್ನೂ ಸೂಚಿಸಬಾರದು, ಕೈಯೆತ್ತಬಾರದು ಎಂಬ ನಿಯಮವಿದೆ. ವಾರಪತ್ರಿಕೆಗೆ ಬರೆಯಬಾರದು ಎಂದಿಲ್ಲ. ಊರಿನ ಪತ್ರಿಕೆ ವಾರಕ್ಕೆರಡು ಸಲ ಬರುತ್ತದಾದರೂ ಹಳೆಯ ಅಭ್ಯಾಸದಿಂದ ಅದನ್ನು ವಾರಪತ್ರಿಕೆ ಎಂದೇ ಕರೆಯುತ್ತೇವೆ. ಮೂರು ಲೇಖನ ಬರೆದೆ. ಒಂದನೆಯದು: ಮುನಿವೆಂಕಟಪ್ಪನ ಹೋಟೆಲಿನಲ್ಲಿ ದಿನಕ್ಕೆ ಆರುನೂರ ನಲವತ್ತು ಲೋಟ ಚಹಾ, ಲೋಟಕ್ಕೆ ನಾಲ್ಕು ಸೆಕೆಂಡಿನಂತೆ ದಿನಕ್ಕೆ ನಲವತ್ತೆರಡು ನಿಮಿಷ ನಲವತ್ತು ಸೆಕೆಂಡು ವ್ಯರ್ಥ. ಎರಡನೆಯದು: ಹನ್ನೆರಡು ವರ್ಷದಲ್ಲಿ ನಮ್ಮ ತಂಡ ಪರಊರಿನಲ್ಲಿ ಆಡಿದ ಪಂದ್ಯ ಮೂವತ್ತೆಂಟು, ಗೆದ್ದದ್ದು ಸೊನ್ನೆ. ಮೂರನೆಯದು: ಗಾಳಿಯಲ್ಲಿ ಬಿಟ್ಟು ಮರೆತ ವಸ್ತು ತಲೆಯ ಮೇಲೆ ಬಿದ್ದು ಐದು ವರ್ಷದಲ್ಲಿ ಗಾಯಗೊಂಡವರು ಹದಿನಾಲ್ಕು ಮಂದಿ, ಆಧಾರ ಆಸ್ಪತ್ರೆಯ ದಾಖಲೆ. ಗಡುವೇ ಇಲ್ಲದ ಊರುಗಳಲ್ಲಿ ಜನ ಹೇಗೆ ಬದುಕುತ್ತಿದ್ದಾರೆ ಎಂದು ಕೊನೆಯಲ್ಲಿ ಕೇಳಿದೆ. ಅಂಕಿಗಳಲ್ಲಿ ಒಂದೂ ಸುಳ್ಳಿರಲಿಲ್ಲ.

ಗಡುವು ಸೊನ್ನೆಯಾದರೆ ಬಿಟ್ಟ ಗುಂಡು ಕೂಡಲೇ ಬೀಳುತ್ತದೆ. ಅವಳಿಗೆ ಅಳೆಯಲು ಏನೂ ಇರುವುದಿಲ್ಲ. ನೇಮಿರಾಜನ ಪಾಠ ಎಲ್ಲ ಊರಿನ ಪಾಠದಂತಾಗುತ್ತದೆ. ಹಲಗೆಯ ಮೇಲೆ ಬರೆಯುವಂಥ ಪ್ರಶ್ನೆಗಳು ಮುಗಿಯುತ್ತವೆ. ಇದನ್ನು ನಾನು ಸಿಟ್ಟಿನಲ್ಲಿ ಯೋಚಿಸಲಿಲ್ಲ. ಪುಟ ಕಟ್ಟುವವನು ಯಾವ ಸುದ್ದಿ ಎಲ್ಲಿ ಕೂರಬೇಕೆಂದು ಯೋಚಿಸುವ ಹಾಗೆ ಯೋಚಿಸಿದೆ.

ಮೂರೂ ಪ್ರಕಟವಾದ ಮೇಲೆ ನೇಮಿರಾಜ ಸ್ಟಾಫ್ ರೂಮಿಗೆ ಬಂದು ನನ್ನ ಕೈ ಹಿಡಿದು ಕುಲುಕಿದ. "ಸಾರ್, ಅಂಕಿ ಅಂದರೆ ಹೀಗಿರಬೇಕು. ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದೆ." ಕೈ ಬಿಟ್ಟ ಮೇಲೂ ನಾವಿಬ್ಬರು ನಾಲ್ಕು ಸೆಕೆಂಡು ಹಾಗೇ ನಿಂತಿದ್ದೆವು. ಅವನ ಮುಖದಲ್ಲಿ ವ್ಯಂಗ್ಯ ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದರೆ ಒಳ್ಳೆಯದಿತ್ತು.

ಸರ್ವಮಂಗಳ ಮೂರನ್ನೂ ಓದಿ ಮಡಿಸಿಟ್ಟಳು. "ಅಂಕಿ ಸರಿಯಿದೆ. ಮೂರನೆಯದರಲ್ಲಿ ಕೂಸುಗಳ ಲೆಕ್ಕ ಇಲ್ಲ."

ಕೈಜಾರಿ, ಬೀಳುವ ಮುನ್ನ ತಾಯಂದಿರು ಮತ್ತೆ ಹಿಡಿದ ಕೂಸುಗಳ ಲೆಕ್ಕ. ಅದೂ ದಾಖಲೆಯಲ್ಲಿತ್ತು: ಐದು ವರ್ಷದಲ್ಲಿ ಅರವತ್ತೆರಡು.

"ಜಾಗ ಇರಲಿಲ್ಲ," ಎಂದೆ.

ಆಗಸ್ಟ್ ಮೂರು, ಭಾನುವಾರ, ಬೆಳಿಗ್ಗೆ ಹತ್ತಕ್ಕೆ ಸಂತೆಮಾಳ ತುಂಬಿತು. ಆ ವರ್ಷ ಸೂಚನೆಗೆ ಬಂದ ಸಂಖ್ಯೆ ಎರಡೇ. ಸೊನ್ನೆಯನ್ನು ಸೂಚಿಸಿದವನು ಮುನಿವೆಂಕಟಪ್ಪ, ನನ್ನ ಮೊದಲ ಲೇಖನವನ್ನು ಕಟ್ಟು ಹಾಕಿಸಿ ಗಲ್ಲಾದ ಮೇಲೆ ತೂಗುಹಾಕಿದ್ದ. ನಾಲ್ಕೇ ಇರಲಿ ಎಂದವಳು ಒಬ್ಬ ಸೂಲಗಿತ್ತಿ. "ನಿಮ್ಮ ಚಾ ನಾಲ್ಕು ಸೆಕೆಂಡು ಕಾಯಲಿ ಬಿಡಿ, ಆರೋದಿಲ್ಲ," ಎಂದಳು. "ನನ್ನ ಕೈಗೆ ಬರೋ ಕೂಸು ಒದ್ದೆ ಇರುತ್ತೆ." ಬೆಂಚುಗಳ ಸಾಲು ಮೂವತ್ತನಾಲ್ಕು, ಸಾಲಿಗೊಬ್ಬ ವಿದ್ಯಾರ್ಥಿ ಎಣಿಕೆಗೆ. ಉಳಿದ ಇಬ್ಬರು ಯಾವ ಸಾಲೂ ಇಲ್ಲದ ಬಿಡಿಯವರು. ಸರ್ವಮಂಗಳ ಒಂಬತ್ತನೇ ಸಾಲಿನಲ್ಲಿದ್ದಳು. ನೇಮಿರಾಜನೂ ಅದೇ ಸಾಲು, ನಡುವೆ ಮೂರು ಜನ. ನಾಲ್ಕಕ್ಕೆ ಕೈಯೆತ್ತಿ ಎಂದಾಗ ಇಬ್ಬರ ಕೈಯೂ ಮೇಲಿದ್ದವು.

ಚೀಟಿಗಳು ಬಂದವು. ಪ್ರತಿ ಚೀಟಿಯಲ್ಲಿ ಸಾಲಿನ ಸಂಖ್ಯೆ, ಕೈಗಳ ಸಂಖ್ಯೆ. ನಾಲ್ಕರ ಕಟ್ಟು ಕೂಡಿದೆ: ಐನೂರ ತೊಂಬತ್ತು. ಸೊನ್ನೆಯ ಕಟ್ಟು ಕೂಡಿದೆ: ಆರುನೂರ ನಾಲ್ಕು. ಕೂಡಿದ್ದನ್ನು ಇನ್ನೊಮ್ಮೆ ನೋಡುವುದು ನನ್ನ ಕೈಗೆ ಹತ್ತಿದ ಅಭ್ಯಾಸ. ನೋಡಿದೆ. ಸೊನ್ನೆಯ ಕಟ್ಟಿನಲ್ಲಿ ಚೀಟಿ ಮೂವತ್ತೈದಿದ್ದವು. ಹದಿನೇಳನೆಯ ಸಾಲು ಎರಡು ಸಲ ಬಂದಿತ್ತು. ಒಂದು ಶಾಹಿದಾಳ ಕೈಬರಹ, ಆ ಸಾಲು ಅವಳದೇ. ಇನ್ನೊಂದು ಕೊಟ್ರೇಶನದು. ಅವನು ಬಿಡಿಯಾಗಿದ್ದವನು, ಸುಮ್ಮನೆ ನಿಲ್ಲಲಾರದೆ ಸಾಲಿನ ಆಚೆ ತುದಿಯಿಂದ ತಾನೂ ಎಣಿಸಿ ಚೀಟಿ ಹಾಕಿದ್ದ. ಎರಡರಲ್ಲೂ ಇಪ್ಪತ್ತೆರಡು. ಇಬ್ಬರೂ ಸರಿಯಾಗಿ ಎಣಿಸಿದ್ದರು. ಒಂದನ್ನು ತೆಗೆದರೆ ಸೊನ್ನೆಗೆ ಐನೂರ ಎಂಬತ್ತೆರಡು. ಎಂಟು ಕೈಗಳ ಅಂತರದಲ್ಲಿ ಗೆದ್ದದ್ದು ನಾಲ್ಕು.

ಪತ್ರಿಕೆಯಲ್ಲಿ ನನಗೆ ಕೆಲಸ ಕಲಿಸಿದ ಹಿರಿಯರು ಒಬ್ಬರಿದ್ದರು. ಅಚ್ಚಾದ ಮೇಲೆ ಕಂಡದ್ದು ತಪ್ಪು, ಅಚ್ಚಿಗೆ ಮುನ್ನ ಕಂಡು ಬಿಟ್ಟದ್ದು ಸುಳ್ಳು ಎನ್ನುತ್ತಿದ್ದರು. ಹನ್ನೊಂದು ವರ್ಷದಲ್ಲಿ ನಾನು ಅಂಥದ್ದೊಂದನ್ನೂ ಬಿಟ್ಟವನಲ್ಲ. ತಲೆಯೆತ್ತಿದೆ. ಒಂಬತ್ತನೇ ಸಾಲಿನಲ್ಲಿ ಸರ್ವಮಂಗಳ ಮುಂದಕ್ಕೆ ಬಾಗಿ, ಮೂರು ಜನರಾಚೆ ಕೂತವನಿಗೆ ಏನೋ ಹೇಳಿ ಐದು ಬೆರಳು ಬಿಚ್ಚಿ ತೋರಿಸುತ್ತಿದ್ದಳು. ಅವನು ತಲೆಯಾಡಿಸಿ ತನ್ನ ಐದು ಬೆರಳು ಬಿಚ್ಚಿ ತೋರಿಸಿದ.

ಕೊಟ್ರೇಶನ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿದೆ, ಮೊತ್ತವನ್ನು ಹಾಗೇ ಇಟ್ಟೆ. "ನಾಲ್ಕಕ್ಕೆ ಐನೂರ ತೊಂಬತ್ತು. ಸೊನ್ನೆಗೆ ಆರುನೂರ ನಾಲ್ಕು. ಗಡುವು ಸೊನ್ನೆ," ಎಂದು ಘೋಷಿಸಿದೆ.

ಯಾರೂ ಕೂಗಲಿಲ್ಲ. ಮುನಿವೆಂಕಟಪ್ಪನೂ ಗೆದ್ದವನ ಹಾಗೆ ಕಾಣಲಿಲ್ಲ. ಏನನ್ನೋ ಹಿಡಿದುಕೊಳ್ಳುವವನಂತೆ ಎರಡೂ ಅಂಗೈ ನೋಡಿಕೊಂಡ. ಹೆಂಗಸರು ಮಕ್ಕಳನ್ನು ಸೊಂಟದಿಂದ ಎದೆಗೆ ಎತ್ತಿಕೊಂಡರು. ಸರ್ವಮಂಗಳ ತನ್ನ ಪುಸ್ತಕ ತೆರೆದು ಏನೋ ಬರೆದುಕೊಂಡಳು.

ಘೋಷಣೆಯಾದ ಹೊತ್ತಿನಿಂದ ಮರುದಿನದ ಅಳತೆಯವರೆಗೆ ಊರಿನಲ್ಲಿ ಯಾರೂ ಏನನ್ನೂ ಕೈಯಿಂದ ಬಿಡುವುದಿಲ್ಲ. ಇದು ಕೈಗಟ್ಟು. ಲೋ‌ಟವನ್ನು ಮೇಜಿಗೆ ಮುಟ್ಟಿಸಿಯೇ ಬೆರಳು ತೆಗೆಯಬೇಕು. ಹೋಟೆಲುಗಳು ಮುಚ್ಚಿರುತ್ತವೆ. ಅಳತೆಯ ಕೈ ಮೊದಲ ಗುಂಡು ಬಿಟ್ಟಾಗಲೇ ಹೊಸ ಗಡುವು ಊರಿಗೆ ಇಳಿಯುತ್ತದೆ ಎಂಬುದು ನಂಬಿಕೆ. ಆ ಮಧ್ಯಾಹ್ನ ಅವಳು ಅನ್ನದ ಪಾತ್ರೆಯನ್ನು ನೆಲಕ್ಕೆ ಒತ್ತಿ ಇಟ್ಟು ಬಡಿಸಿದಳು.

"ನಾಳೆ ಗುಂಡು ಬಿಟ್ಟ ಕೂಡಲೇ ಬೀಳುತ್ತೆ," ಎಂದೆ.

"ಹೂಂ."

"ಅಳೆಯೋಕೆ ಏನೂ ಇರಲ್ಲ. ಬೇಕಿದ್ದರೆ ಬೇರೆ ಯಾರಿಗಾದರೂ ಹೇಳಲಿ."

"ಸೊನ್ನೆಯನ್ನೂ ಅಳೀಬೇಕು," ಎಂದಳು. "ಅಳೆಯದ ಸೊನ್ನೆ ಬರೀ ಮಾತು ಅಂತ ನೇಮಿರಾಜ್ ಮೇಷ್ಟ್ರು ಹೇಳ್ತಾರೆ."

ಸೋಮವಾರ ಏಳೂವರೆಗೆ ಕಾಲೇಜಿನ ಮುಂದೆ ಜನ ನಿಂತಿದ್ದರು. ಮೇಲಿನ ಮೆಟ್ಟಿಲಲ್ಲಿ ಮರಳು ತುಂಬಿದ ತಟ್ಟೆ, ಪಕ್ಕದಲ್ಲಿ ಗಡಿಯಾರ ಹಿಡಿದ ನೇಮಿರಾಜ, ದಾಖಲೆ ಪುಸ್ತಕದೊಂದಿಗೆ ಪುರಸಭೆಯ ಕಾರ್ಯದರ್ಶಿ ದೇವೀರಪ್ಪ. ನಾನು ಕೆಳಗಿನ ಮೆಟ್ಟಿಲಲ್ಲಿ, ಸಹಿ ಹಾಕುವ ಸರದಿಗೆ ಕಾಯುತ್ತಿದ್ದೆ. ಜೇಬಿನಲ್ಲಿ ಚೀಟಿ ಹಾಗೇ ಇತ್ತು. ಹರಿದು ಹಾಕಬಹುದಿತ್ತು, ಕಾಗದ ಹರಿಯುವ ಅಭ್ಯಾಸ ನನಗಿಲ್ಲ. ಸರ್ವಮಂಗಳ ಹಿತ್ತಾಳೆ ಗುಂಡನ್ನು ಭುಜದ ಮಟ್ಟಕ್ಕೆ ಹಿಡಿದಳು. ಕೈ ನಡುಗಲಿಲ್ಲ. ಐದು ಬೆರಳನ್ನೂ ಒಟ್ಟಿಗೆ ಬಿಟ್ಟಳು.

ಗುಂಡು ನಿಂತಿತು.

ಜನರೆಲ್ಲ ಸದ್ದಿಗೆ ಕಿವಿಗೊಟ್ಟಿದ್ದರು. ಸದ್ದು ಬರಲಿಲ್ಲ. ಬೆಳಗಿನ ಬಿಸಿಲು ಗುಂಡಿನ ಒಂದು ಬದಿಗೆ ಬಿದ್ದು, ಅದು ಅಲ್ಲಿ ಸುಮ್ಮನೆ ಹೊಳೆಯುತ್ತಿತ್ತು. ಆಮೇಲೆ ಮರಳಿಗೆ ಬಿತ್ತು. "ನಾಲ್ಕು," ಎಂದ ನೇಮಿರಾಜ, ಯಾರಿಗೂ ಹೇಳದವನಂತೆ. ಎರಡನೇ ಸಲ, ನಾಲ್ಕು. ಮೂರನೇ ಸಲ, ನಾಲ್ಕು.

ಗುಂಪಿನಲ್ಲಿ ಒಬ್ಬರು ಕೈಯಲ್ಲಿದ್ದ ಕೊಡೆ ಬಿಟ್ಟು ನೋಡಿದರು. ಕೊಡೆ ನಿಂತಿತು. ಆಮೇಲೆ ಎಲ್ಲರೂ ಏನನ್ನಾದರೂ ಬಿಟ್ಟರು: ಕೀಲಿ, ಕರವಸ್ತ್ರ, ಎಲೆಯಡಿಕೆ ಚೀಲ. ಎಲ್ಲವೂ ನಿಂತು, ಎಲ್ಲವೂ ನಾಲ್ಕಕ್ಕೆ ಬಿದ್ದವು. ದೇವೀರಪ್ಪ ಪುಸ್ತಕದ ಹಾಳೆ ಹಿಂದೆ ಮುಂದೆ ತಿರುವಿದರು. "ಅರವತ್ತೊಂದು ವರ್ಷದಲ್ಲಿ ಹೀಗಾಗಿಲ್ಲ," ಎಂದರು. "ಊರು ಹೇಳಿದ್ದನ್ನು ಗಡುವು ಮೀರಿದ್ದಿಲ್ಲ. ಈ ಸಲ ಏನು ಬೇರೆ?"

ಏನು ಬೇರೆ ಎಂಬುದು ಎಲ್ಲರ ಕಣ್ಣ ಮುಂದೆಯೇ ನಿಂತಿತ್ತು. "ಅವರು ವಿದ್ಯಾರ್ಥಿಯಲ್ಲ, ಕೇಳುಗರು," ಎಂದ ಮುನಿವೆಂಕಟಪ್ಪ. "ಹಿಂದಿನ ಬೆಂಚಿನ ಕೈಗೆ ಗಡುವು ಇಳಿಯೋದು ಹೆಂಗೆ?" ಖಾಯಂ ವಿದ್ಯಾರ್ಥಿನಿ ಒಬ್ಬಳನ್ನು ಕರೆಸಿ ಗುಂಡು ಬಿಡಿಸಿದರು. ನಾಲ್ಕು. "ಮೊದಲ ಕೈ ಕೆಡಿಸಿದ ಮೇಲೆ ಎರಡನೇ ಕೈ ಏನು ಮಾಡೀತು," ಎಂದರು ಇನ್ನೊಬ್ಬರು. ಸೂಲಗಿತ್ತಿ ಮಾತ್ರ, ಕೆಟ್ಟಿದ್ದರೆ ಒಳ್ಳೆಯದಕ್ಕೇ ಕೆಟ್ಟಿದೆ ಎಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದೇವೀರಪ್ಪ ಪೆನ್ನು ತೆಗೆದು, ಅಳತೆಯ ಕೈಯ ದೋಷದಿಂದ ಗಡುವು ಇಳಿಯಲಿಲ್ಲವೆಂದು ಬರೆಯುವುದಾಗಿ ಹೇಳಿ, ಸರ್ವಮಂಗಳಳ ಪೂರ್ತಿ ಹೆಸರು ಕೇಳಿದರು. ಆ ಪುಸ್ತಕದಲ್ಲಿ ಬರೆದದ್ದನ್ನು ಅಳಿಸುವ ಪದ್ಧತಿಯಿಲ್ಲ. ಊರಿನ ಮಕ್ಕಳು ಅದನ್ನು ಪಠ್ಯದ ಹಾಗೆ ಓದುತ್ತಾರೆ.

ಅವಳು ಬಾಯಿ ತೆರೆಯುವ ಮೊದಲು ನೇಮಿರಾಜ ಮುಂದೆ ಬಂದ. "ಅವರ ಹೆಸರು ಬೇಡ. ಆರಿಸಿದವನು ನಾನು. ನನ್ನ ಹೆಸರು ಬರೆಯಿರಿ. ಬೇಕಾದರೆ ಈ ವರ್ಷಕ್ಕೆ ಪಾಠ ಬಿಟ್ಟುಬಿಡುತ್ತೇನೆ." ಗಡಿಯಾರವನ್ನು ದೇವೀರಪ್ಪನವರ ಕೈಗಿಟ್ಟ. ಅವರು ಅದನ್ನು ಪರಿಶೀಲನೆಗೆಂದು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದರು.

ಏಳು ವಾರದಿಂದ ನಾನು ಬಯಸಿದ್ದು ಅದೇ. ನಾಲ್ಕನೇ ಕೋಣೆ ಖಾಲಿಯಾಗುತ್ತಿತ್ತು, ತೆರಪಿನಿಂದ ಏನೂ ಕೇಳಿಬರುತ್ತಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ನಿಂತರೆ ಸಾಕಾಗಿತ್ತು. ಆಗ ನನಗಾದದ್ದು ಪಶ್ಚಾತ್ತಾಪ ಎಂದು ಬರೆದರೆ ಅದು ವಾಸ್ತವಕ್ಕೆ ದೂರ. ಸರ್ವಮಂಗಳ ನೇಮಿರಾಜನ ಮುಖ ನೋಡಿದ ರೀತಿಯನ್ನು ನಾನು ನೋಡಿದೆ. ಅವನು ಊರೆದುರು ಅವಳಿಗಾಗಿ ಪಾಠ ಬಿಟ್ಟು ಹೋಗುತ್ತಿದ್ದ. ಅವಳು ಅದನ್ನು ಸಾಯುವವರೆಗೆ ನೆನಪಿಡುತ್ತಿದ್ದಳು, ಮನೆಯಲ್ಲಿ ಸೌಟು ಬಿಟ್ಟಾಗಲೆಲ್ಲ. ಅವಳಿಗಾಗಿ ಏನಾದರೂ ಕಳೆದುಕೊಳ್ಳುವ ಅವಕಾಶ ಅವನಿಗೆ ಸಿಕ್ಕಬಾರದು ಎನಿಸಿತು. ಜೇಬಿಗೆ ಕೈ ಹಾಕಿದೆ. ಚೀಟಿ ಬೆರಳಿಗೆ ಸಿಕ್ಕಿತು.

ಅಷ್ಟರಲ್ಲಿ ಅವಳು ತಟ್ಟೆಯಿಂದ ಗುಂಡು ಎತ್ತಿಕೊಂಡು ಮೆಟ್ಟಿಲಿಳಿದು ಬಂದಳು. "ಇನ್ನೊಂದು ಸಲ ಅಳೀತೀನಿ," ಎಂದಳು, ಎಲ್ಲರಿಗೂ ಕೇಳುವ ಹಾಗೆ.

"ಗಡಿಯಾರ ಚೀಲದಲ್ಲಿದೆ ತಾಯಿ," ಎಂದರು ದೇವೀರಪ್ಪ.

"ಗಡಿಯಾರ ಬೇಡ." ನನ್ನ ಮುಂದೆ ನಿಂತಳು. "ಕೈ ಕೊಡಿ."

ಕೊಟ್ಟೆ. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು, ನಾಡಿಯ ಮೇಲೆ ಮೂರು ಬೆರಳಿಟ್ಟಳು. ಬಲಗೈಯಿಂದ ಗುಂಡು ಬಿಟ್ಟಳು. ಗುಂಡು ನಮ್ಮಿಬ್ಬರ ನಡುವೆ ನಿಂತಿತು. ಅವಳು ಅದನ್ನು ನೋಡಲಿಲ್ಲ, ನನ್ನನ್ನು ನೋಡುತ್ತಿದ್ದಳು, ತುಟಿ ಸಣ್ಣಗೆ ಅಲುಗುತ್ತಿತ್ತು. ಮರಳಿಲ್ಲದ ಮೆಟ್ಟಿಲಿಗೆ ಗುಂಡು ಬಿದ್ದ ಸದ್ದು ಕಾಲೇಜಿನ ಗೋಡೆಗೆ ತಾಗಿ ಬಂತು.

"ಒಂಬತ್ತು ಬಡಿತ," ಎಂದಳು. ಆಮೇಲೆ ದನಿ ತಗ್ಗಿಸಿದಳು. "ಮದುವೆ ದಿನದ ಲೆಕ್ಕದಲ್ಲಿ ಆರೇ ಬರಬೇಕಿತ್ತು. ಗಡುವು ನಾಲ್ಕೇ ಇದೆ, ಮೇಲೆ ಮೂರು ಸಲ ಅಳೆದಿದ್ದೇನೆ. ಏರಿರೋದು ನಿಮ್ಮದು."

ನಾನು ಬಿದ್ದ ಗುಂಡನ್ನು ನೋಡಿದೆ.

"ಎಣಿಕೆ ಎಲ್ಲಿ ತಪ್ಪಿತು?" ಎಂದು ಕೇಳಿದಳು.

ಇಪ್ಪತ್ತೊಂದು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಅವಳು ಕೇಳಿದ ಮೊದಲ ಪ್ರಶ್ನೆ ಅದು.

"ಹದಿನೇಳನೆಯ ಸಾಲು," ಎಂದೆ. "ಎರಡು ಸಲ ಬಂದಿತ್ತು. ಇಪ್ಪತ್ತೆರಡು ಕೈ."

"ಯಾವಾಗ ಗೊತ್ತಾಯಿತು?"

"ಘೋಷಿಸುವ ಮುಂಚೆ."

ಇನ್ನೊಂದು ಕೈಯಿಂದ ಚೀಟಿ ತೆಗೆದು ದೇವೀರಪ್ಪನವರ ಕಡೆ ಚಾಚಿದೆ. ಅವರು ಇಳಿದು ಬಂದು ಬಿಡಿಸಿ ಓದಿದರು, ನನ್ನನ್ನು ನೋಡಿದರು, ಮತ್ತೆ ಓದಿದರು. ಗುಂಪಿನ ಹಿಂದಿನಿಂದ ಕೊಟ್ರೇಶ, "ಅದು ನನ್ನ ಚೀಟಿ ಸಾರ್, ಸರಿಯಾಗೇ ಎಣಿಸಿದ್ದೆ," ಎಂದ. ಸರಿಯಾಗೇ ಎಣಿಸಿದ್ದೀಯ ಎಂದೆ. ಊರಿನ ಜನ ಮೆಲ್ಲಗೆ ಲೆಕ್ಕ ಹಾಕತೊಡಗಿದ್ದು ಕೇಳಿಸಿತು: ಆರುನೂರ ನಾಲ್ಕರಲ್ಲಿ ಇಪ್ಪತ್ತೆರಡು ಹೋದರೆ. ಮೇಲಿನ ಮೆಟ್ಟಿಲಲ್ಲಿ ನೇಮಿರಾಜ ತಲೆ ತಗ್ಗಿಸಿ, ಜೇಬಿನ ನಿಂಬೆಹಣ್ಣನ್ನು ಷರಟಿನ ಹೊರಗಿನಿಂದಲೇ ಒತ್ತಿಕೊಳ್ಳುತ್ತಿದ್ದ. ನನ್ನ ಕಡೆ ನೋಡದಿರುವ ಮರ್ಯಾದೆಯೂ ಅವನಿಗಿತ್ತು.

ಸರ್ವಮಂಗಳ ಇನ್ನೂ ನನ್ನ ಮಣಿಕಟ್ಟು ಹಿಡಿದಿದ್ದಳು. ಬಡಿತ ಇಳಿಯುವವರೆಗೆ ಹಿಡಿದಿರುತ್ತಾಳೆ ಎಂದುಕೊಂಡೆ. ಮೂರು ಬೆರಳನ್ನೂ ಒಟ್ಟಿಗೆ ಬಿಟ್ಟಳು, ಅಭ್ಯಾಸ ಮಾಡಿದ ಹಾಗೆ. ನನ್ನ ಕೈ ಅವಳು ಬಿಟ್ಟ ಜಾಗದಲ್ಲೇ ನಿಂತಿತು, ಅಂಗೈ ಮೇಲಾಗಿ. ಗಡುವಿನೊಳಗೆ ಮತ್ತೆ ಹಿಡಿಯಬಹುದು. ನಮ್ಮ ಊರಿನಲ್ಲಿ ಎಲ್ಲರೂ ಹಿಡಿಯುತ್ತಾರೆ. ಅವಳು ಅಷ್ಟೇ ಹತ್ತಿರದಲ್ಲಿ ನಿಂತು ಕೈಯನ್ನೇ ನೋಡುತ್ತಿದ್ದಳು. ತುಟಿ ಅಲುಗುತ್ತಿತ್ತು. ಮುಗಿದಾಗ ಕೈ ಕೆಳಗಿಳಿದು ನನ್ನ ತೊಡೆಗೆ ಬಡಿಯಿತು.

ಅವಳು ಪುಸ್ತಕ ತೆರೆದು ಬರೆದುಕೊಂಡಳು. ನಾಲ್ಕು.